ಮಗಳಿಗೊಂದು ಪತ್ರ: ಮಗ್ಗ ಪಾವಟಿಗೆ ಹತ್ತೋದಿಲ್ಲ

ನವನಗರ, ಬಾಗಲಕೋಟೆ

ಪ್ರೀತಿಯ ಮಗಳಿಗೆ,

ಅವ್ವನ ಆಶೀರ್ವಾದಗಳು. ಕಾಲೇಜಿನ ಕೆಲಸಕ್ಕೆಂದು ನೀನು ಹಾಕಿ ಕಳಿಸಿದ ನಕ್ಷೆಯನ್ನು ನಿಮ್ಮಪ್ಪ ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದರು. ಪಡಸಾಲೆಯಲ್ಲಿ ಹಾಸಿಕೊಂಡು ಇಬ್ಬರೂ ನೋಡಿದೆವು. ನೇಕಾರರ ಕಾಲೊನಿ. ನೆಲಮಹಡಿ, ಅದರ ಮೇಲೆ ಮೂರು ಅಂತಸ್ತು, ಉಳಿದ ಜಾಗದಲ್ಲಿ ಗಿಡಮರ, ಮಕ್ಕಳಿಗೆ ಆಡಲು ಬಯಲು. ಹೀಗೆ ಕಟ್ಟಿದರೆ ಭೂಮಿ ಉಳಿಯುತ್ತದೆ, ಪೈಪು, ರಸ್ತೆ, ಚರಂಡಿಗಳ ಉದ್ದ ಕಡಿಮೆಯಾಗುತ್ತದೆ, ಊರು ಹೊಲದ ಮೇಲೆ ಹಬ್ಬುವುದಿಲ್ಲ ಎಂದು ಬರೆದಿದ್ದೀ. ಅದು ಸರಿ. ಆದರೆ ಆ ಮನೆಗಳಲ್ಲಿ ಮಗ್ಗ ಎಲ್ಲಿ ಹೂಡಬೇಕು ಎಂದು ಹುಡುಕಿದೆ, ಜಾಗ ಸಿಗಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಮಾತಿಗೇ ನಿನಗೆ ಕ್ಲಾಸಿನ ಹೊತ್ತಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗುಳೇದಗುಡ್ಡದಲ್ಲಿ ಆಯಿಯ ಮನೆಯ ಕುಣಿಮಗ್ಗವನ್ನು ನೀನು ಚಿಕ್ಕವಳಿದ್ದಾಗ ನೋಡಿದ್ದೀ. ನೆಲದಲ್ಲಿ ಕುಣಿ ತೆಗೆದು, ಅದರ ಅಂಚಿಗೆ ಕುಳಿತು, ಎರಡೂ ಕಾಲು ಕೆಳಗಿಳಿಸಿ ತುಳಿಯುವ ಮಗ್ಗ. ನಮ್ಮ ಕುಪ್ಪಸದ ಖಣ ಆಗುವುದು ಅದರಲ್ಲೇ, ಇಳಕಲ್ ಸೀರೆ ಆಗುವುದೂ ಅದರಲ್ಲೇ. ಎರಡನೇ ಮಹಡಿಯ ಸ್ಲ್ಯಾಬಿನಲ್ಲಿ ಕುಣಿ ತೆಗೆಯಲು ಬರುವುದಿಲ್ಲ. ಕಟ್ಟಿಗೆಯ ಚೌಕಟ್ಟಿನ ಮಗ್ಗ ಇದೆಯಲ್ಲ ಎಂದು ನೀನು ಕೇಳುತ್ತೀ. ಇದೆ. ಅದಕ್ಕೆ ಎತ್ತರದ ಕೋಣೆ ಬೇಕು, ಮತ್ತು ನೆಲದ ತಂಪು ಅದಕ್ಕೆ ದಕ್ಕುವುದಿಲ್ಲ. ಕುಣಿಯ ತಂಪಿಗೆ ನೂಲಿನಲ್ಲಿ ಪಸೆ ಉಳಿಯುತ್ತದೆ. ನಮ್ಮ ಒಣ ಹವೆಯಲ್ಲಿ ಪಸೆ ಆರಿದ ಎಳೆ ಮತ್ತೆ ಮತ್ತೆ ಹರಿಯುತ್ತದೆ. ಹರಿದಾಗಲೆಲ್ಲ ಲಾಳಿ ನಿಲ್ಲುತ್ತದೆ, ಲಾಳಿ ನಿಂತಷ್ಟು ಹೊತ್ತು ಕೂಲಿ ಇಲ್ಲ.

ಮಗ್ಗದ ಮೇಲೆ ಕೂತವರು ಒಬ್ಬರೇ ಕಾಣುತ್ತಾರೆ, ಆದರೆ ದುಡಿಯುವುದು ಇಡೀ ಮನೆ. ಒಲೆಯ ಮೇಲೆ ಅನ್ನಕ್ಕಿಟ್ಟು ಆಯಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳ ಜೊತೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಜೋಡಿಸುವ ಕೊಂಡಿ ಕೆಲಸಕ್ಕೆ ಒಬ್ಬರ ಕೈ ಸಾಲುವುದಿಲ್ಲ, ಪಕ್ಕದ ಮನೆಯವರನ್ನು ಕೂಗಿ ಕರೆಯಬೇಕು. ಆ ಕೂಗು ಕೇಳುವಷ್ಟು ಹತ್ತಿರ ಪಕ್ಕದ ಮನೆ ಇರಬೇಕು. ಮಗ್ಗವನ್ನು ಒಂದು ಕಡೆ ಶೆಡ್ಡಿನಲ್ಲಿಟ್ಟು ಮನೆಯನ್ನು ಇನ್ನೊಂದು ಕಡೆ ಕಟ್ಟಿದರೆ ಗಂಡಸು ಶೆಡ್ಡಿಗೆ ಹೋಗಿ ದುಡಿದಾನು. ಹೆಣ್ಣುಮಗಳ ದುಡಿಮೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಕೂಸು, ಮುದುಕರು, ಒಲೆ ಎಲ್ಲವನ್ನೂ ಬಿಟ್ಟು ಅವಳು ಹೋಗಲಾರಳು.

ಬಡವರ ಮನೆ ಬರೀ ಮಲಗುವ ಜಾಗವಲ್ಲ, ದುಡಿಯುವ ಜಾಗ. ಆ ದುಡಿಮೆಗೆ ಎಷ್ಟು ನೆಲ ಬೇಕು ಎಂದು ಕೇಳದೆ ಮನೆಯ ಅಳತೆ ಗೊತ್ತುಮಾಡಬಾರದು. ನಾನು ನಿನಗೆ ಹೇಳಬೇಕಾಗಿರುವುದು ಇದೊಂದೇ.

ನಾನು ಸಮುದಾಯ ಸಂಘಟಕಿಯಾಗಿ ಓಣಿ ಓಣಿ ತಿರುಗಿ ಸರ್ಕಾರಿ ಮನೆಗಳ ಫಲಾನುಭವಿಗಳ ಪಟ್ಟಿ ಬರೆದವಳು. ಕೈಯಲ್ಲಿದ್ದ ಫಾರ್ಮಿನಲ್ಲಿ ಉದ್ಯೋಗ ಏನು ಎಂಬ ಕಾಲಂ ಇತ್ತು, ಉದ್ಯೋಗ ಎಲ್ಲಿ ಎಂಬುದು ಇರಲಿಲ್ಲ. ಹಪ್ಪಳ ಒಣಗಿಸಲು ಮಾಳಿಗೆ ಬೇಕಾದವಳು, ಎಮ್ಮೆ ಕಟ್ಟಿದವಳು, ಬಟ್ಟೆ ಹೊಲಿಯುವವಳು, ಕಟ್ಟೆಯ ಮೇಲೆ ಮಿರ್ಚಿ ಕರಿದು ಮಾರುವವಳು, ಎಲ್ಲರೂ ಒಂದೇ ಅಳತೆಯೊಳಗೆ ಬೀಳುತ್ತಿದ್ದರು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರದ ಆರ್ಥಿಕವಾಗಿ ದುರ್ಬಲರಿಗೆ ಇಟ್ಟ ಅಳತೆ 30 ಚದರ ಮೀಟರ್ ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗಿನ ನೆಲ ಸುಮಾರು 323 ಚದರ ಅಡಿ. ಅದರಲ್ಲಿ ಮಗ್ಗ ಹೂಡಿದರೆ ಹಾಸಿಗೆ ಹಾಸಲು ಜಾಗವಿಲ್ಲ. ಆ ಯೋಜನೆಯಲ್ಲಿ ನನಗೆ ಮೆಚ್ಚುಗೆಯಾದದ್ದೂ ಇದೆ. ಮನೆ ಹೆಣ್ಣುಮಗಳ ಹೆಸರಿಗೆ ಅಥವಾ ಗಂಡ ಹೆಂಡತಿಯ ಜಂಟಿ ಹೆಸರಿಗೆ ಇರಬೇಕೆಂದರು. ಆಸ್ತಿಯ ಉತಾರದಲ್ಲಿ ಮೊದಲ ಸಲ ತನ್ನ ಹೆಸರು ನೋಡಿ ಅದನ್ನೇ ಮತ್ತೆ ಮತ್ತೆ ಓದಿಸಿಕೊಂಡ ಹೆಂಗಸರು ನನಗೆ ಗೊತ್ತು. ಸ್ವಂತ ಜಾಗದಲ್ಲಿ ತಾವೇ ಕಟ್ಟಿಕೊಳ್ಳುವವರಿಗೆ ಕೇಂದ್ರದಿಂದ 1.5 ಲಕ್ಷ ರೂಪಾಯಿ ಕೊಡುವ ದಾರಿಯನ್ನೂ ಇಟ್ಟರು. ದೇಶದಲ್ಲಿ ಆ ಯೋಜನೆಯ ಹೆಚ್ಚಿನ ಮನೆಗಳು ಎದ್ದದ್ದು ಅದೇ ದಾರಿಯಲ್ಲಿ. ಜನ ಏನು ಕೇಳುತ್ತಿದ್ದಾರೆ ಎಂದು ಅದರಿಂದಲೇ ಗೊತ್ತಾಗುತ್ತದೆ.

ಸರ್ಕಾರಕ್ಕೆ ಮಗ್ಗದ ವಿಷಯ ಗೊತ್ತಿಲ್ಲವೆಂದಲ್ಲ. 1980ರ ದಶಕದಲ್ಲೇ ಕೈಮಗ್ಗದವರಿಗೆ ಮನೆ, ಮಗ್ಗದ ಕೋಣೆ ಕೂಡಿಸಿ ಕಟ್ಟಿಕೊಡುವ ಯೋಜನೆ ತಂದಿದ್ದರು. ಆದರೆ ಮನೆಯ ಫೈಲು ಒಂದು ಇಲಾಖೆ, ಮಗ್ಗದ ಫೈಲು ಇನ್ನೊಂದು ಇಲಾಖೆ. ಎರಡೂ ಒಂದೇ ಟೇಬಲ್ಲಿಗೆ ಬರುವಂತೆ ಮಾಡುವುದು ನಿನ್ನಂಥವರ ಕೈಯಲ್ಲಿದೆ. ಈ ಕೆಲಸಕ್ಕೆ ಹೋಗುವವಳು ನನ್ನ ಮಗಳು ಎನ್ನುವುದೇ ನನಗೆ ದೊಡ್ಡ ಸಂತೋಷ.

ದನದ ವಿಷಯದಲ್ಲೂ ಹೀಗೇ ಆಯಿತು. 2009ರಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಉಕ್ಕಿ ಬಂದಾಗ ನೀನು ಸಣ್ಣವಳು. ಆಮೇಲೆ ದಾನಿಗಳ ನೆರವು ಕೂಡಿಸಿ ಎತ್ತರದ ಜಾಗದಲ್ಲಿ ಆಸರೆ ಮನೆಗಳನ್ನು ಕಟ್ಟಿದರು. ಒಳ್ಳೆಯ ಮನಸ್ಸಿನಿಂದಲೇ ಕಟ್ಟಿದ ಮನೆಗಳು. ಆದರೂ ಎಷ್ಟೋ ಊರುಗಳಲ್ಲಿ ಅವು ಖಾಲಿ ಬಿದ್ದವು. ಹೊಲ ದೂರವಾಯಿತು, ಎತ್ತು ಕಟ್ಟಲು ಜಾಗವಿಲ್ಲ, ಹೊಟ್ಟು ಮೇವು ಒಟ್ಟಲು ಹಿತ್ತಲಿಲ್ಲ. "ನಾವು ಇಲ್ಲಿ ಇದ್ರ ದನಾ ಎಲ್ಲಿ ಇರ್ಬೇಕ್ರೀ ಅಕ್ಕಾರ?" ಎಂದು ಒಬ್ಬ ಅಜ್ಜ ನನ್ನನ್ನೇ ಕೇಳಿದ್ದ. 2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂದಾಗ ಹೊಳೆದಂಡೆಯ ಹಳೆಯ ಮನೆಗಳಲ್ಲಿ ಜನ ಇದ್ದದ್ದು ಯಾಕೆಂದು ಪೇಟೆಯವರು ಬೈದರು. ಯಾಕೆಂದು ಆ ಅಜ್ಜ ಹತ್ತು ವರ್ಷ ಮೊದಲೇ ಹೇಳಿದ್ದ.

ನಾವಿರುವ ಊರೂ ಹಾಗೆ ಎಬ್ಬಿಸಿ ಕೂರಿಸಿದ್ದೇ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಕೃಷ್ಣೆಯ ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಹಾಕಿದರು, ಹಿನ್ನೀರು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ತಿಂದಿತು, ನವನಗರ ಎದ್ದಿತು. ಅಗಲ ರಸ್ತೆ, ಸೆಕ್ಟರು, ಶಾಲೆ, ಬಯಲು ಎಲ್ಲ ಬಂತು. ಮಕ್ಕಳನ್ನು ಇಲ್ಲಿ ಬೆಳೆಸಿದ್ದಕ್ಕೆ ನನಗೆ ತೃಪ್ತಿ ಇದೆ. ಆದರೆ ಮುಂದೆ ಅಂಗಡಿ ಹಿಂದೆ ಮನೆ ಮಾಡಿಕೊಂಡಿದ್ದ ಹಳೆ ಪೇಟೆಯ ವ್ಯಾಪಾರಿ ಸೆಕ್ಟರಿಗೆ ಬಂದ ಮೇಲೆ ಮನೆಗೂ ಅಂಗಡಿಗೂ ನಡುವೆ ದಿನಾ ಬಸ್ಸು ಹತ್ತಬೇಕಾಯಿತು. ಮಧ್ಯಾಹ್ನ ಗಂಡ ಉಣ್ಣಲು ಒಳಗೆ ಹೋದಾಗ ಅಂಗಡಿಯ ಗಲ್ಲೆಯ ಮೇಲೆ ಕೂರುತ್ತಿದ್ದ ಹೆಂಡತಿ ಮನೆಯಲ್ಲೇ ಉಳಿದಳು. ಹೋಳಿಯ ಹಲಗೆ ಸದ್ದು ಕೇಳಬೇಕೆಂದರೆ ಇವತ್ತಿಗೂ ಹಳೆ ಓಣಿಗಳಿಗೇ ಹೋಗುತ್ತೇವೆ.

ಆಣೆಕಟ್ಟಿನ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. 524.256 ಮೀಟರಿಗೆ ಏರಿಸಲು 2010ರಲ್ಲಿ ನದಿನೀರು ಹಂಚುವ ಎರಡನೇ ಕೃಷ್ಣಾ ನ್ಯಾಯಾಧಿಕರಣ ಒಪ್ಪಿದೆ. ಏರಿಸಿದ ದಿನ ಇನ್ನಷ್ಟು ಹಳ್ಳಿ, ಇನ್ನಷ್ಟು ಓಣಿ ಏಳಬೇಕು. ಆ ಕಾಲೊನಿಗಳ ನಕ್ಷೆ ಹಾಕುವವರು ನಿನ್ನ ವಾರಿಗೆಯವರೇ. ನಿನ್ನ ಕಾಲೇಜಿನ ನಕ್ಷೆಯನ್ನೂ ಇಷ್ಟು ಕಟುವಾಗಿ ನೋಡುತ್ತಿರುವುದು ಅದಕ್ಕೇ.

ಈಗ ಭೂಮಿಯ ಮಾತು. ನಾಲ್ಕು ಅಂತಸ್ತು ಏರಿಸದಿದ್ದರೆ ಊರು ಹಬ್ಬುತ್ತದೆ ಎನ್ನುವುದು ನಿನ್ನ ಬಲವಾದ ವಾದ. ನೆಲಕ್ಕೆ ಹತ್ತಿಕೊಂಡೇ ಒತ್ತಾಗಿ ಕಟ್ಟಬಹುದು ಎಂದು ತೋರಿಸಿದವರು ಇದ್ದಾರಲ್ಲ, ನೀನೇ ನನಗೆ ಹೇಳಿದ್ದು. ನವನಗರದ ಯೋಜನೆಯಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರೇ ನವಿ ಮುಂಬಯಿಯ ಬೇಲಾಪುರದಲ್ಲಿ ಒಂದು ಸಣ್ಣ ಅಂಗಳದ ಸುತ್ತ ಏಳೇಳು ಮನೆ ಕೂಡಿಸಿದರು. ಒಂದು ಮನೆಯ ಗೋಡೆ ಇನ್ನೊಂದಕ್ಕೆ ಹತ್ತದಂತೆ ಬಿಟ್ಟರು, ಬೇಕಾದವರು ಬೇಕಾದಾಗ ಬೆಳೆಸಿಕೊಳ್ಳಲಿ ಎಂದು. ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ತೀರ ಬಡವರಿಗೆ 35 ಚದರ ಮೀಟರಿನ ಪ್ಲಾಟು, ಬುನಾದಿ, ನೀರು, ಶೌಚಾಲಯ ಕೊಟ್ಟು ಉಳಿದದ್ದನ್ನು ಅವರ ಕೈಗೇ ಬಿಟ್ಟರು. ಅದಕ್ಕೆ 1995ರಲ್ಲಿ ವಾಸ್ತುಶಿಲ್ಪದ ಆಗಾಖಾನ್ ಪ್ರಶಸ್ತಿ ಬಂತು. ಹೀಗೆ ಬೆಳೆಯುವ ಮನೆಯೇ ನಮ್ಮ ಕಡೆಗೆ ಹೊಂದುತ್ತದೆ. ಗಂಜಿ ಕುಡಿದು ರೊಕ್ಕ ಉಳಿಸಿ ಒಂದು ವರ್ಷ ಗೋಡೆ, ಇನ್ನೊಂದು ವರ್ಷ ಸ್ಲ್ಯಾಬು ಹಾಕುವವರ ಊರು ನಮ್ಮದು.

ನಿಜವಾಗಿ ಭೂಮಿ ಹಾಳಾಗುವುದು ಎಲ್ಲಿ ಎಂದು ಬಸ್ಸಿನ ಕಿಟಕಿಯಿಂದ ನೋಡು. ಬಾಗಲಕೋಟೆಯಿಂದ ವಿಜಯಪುರದ ದಾರಿ ಹಿಡಿದರೆ ಊರ ಅಂಚಿಗೆ ಎನ್.ಎ., ಅಂದರೆ ಕೃಷಿಯೇತರ ಭೂಮಿ ಆದ ಹೊಲಗಳು, ಕಲ್ಲು ನೆಟ್ಟು ಬಣ್ಣ ಹಚ್ಚಿದ ಪ್ಲಾಟುಗಳು, ಒಳಗೆ ಜಾಲಿ ಬೆಳೆದಿದೆ. ಜೋಳ ಬೆಳೆಯುತ್ತಿದ್ದ ಎರೆ ಭೂಮಿ ಅದು. ಆ ಪ್ಲಾಟುಗಳನ್ನು ಕೊಂಡವರು ಮನೆ ಕಟ್ಟುವುದಿಲ್ಲ, ರೇಟು ಏರಲಿ ಎಂದು ಕಾಯುತ್ತಾರೆ. ಅಲ್ಲಿ ತಡೆಯಲಾಗದ್ದನ್ನು ನೇಕಾರನ ನೆಲಮನೆ ಕಸಿದುಕೊಂಡು ಉಳಿಸಬೇಕೆನ್ನುವುದು ನ್ಯಾಯವಲ್ಲ.

ಬಿಸಿಲಿನದೂ ಒಂದು ಮಾತು. ಹಳೆಯ ಮಣ್ಣಿನ ಮಾಳಿಗೆಯ ಕೆಳಗೆ ಏಪ್ರಿಲ್‌ ಮಧ್ಯಾಹ್ನವೂ ನಿದ್ದೆ ಬರುತ್ತಿತ್ತು. ಈಗ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯೆಲ್ಲ ಉಗುಳುತ್ತದೆ, ತಗಡಿನ ಪತ್ರಾಸ್ ಮನೆಯ ಸ್ಥಿತಿ ಹೇಳುವುದೇ ಬೇಡ. ಅಹಮದಾಬಾದಿನವರು 2013ರಲ್ಲಿ ಬಿಸಿಲಿನ ಯೋಜನೆ ಮಾಡಿದ ಮೇಲೆ ಬಡ ಓಣಿಗಳ ಮಾಳಿಗೆಗೆ ಬಿಳಿ ಸುಣ್ಣ ಬಳಿಸುತ್ತಿದ್ದಾರಂತೆ. ಸುಣ್ಣದ ಕಲ್ಲು ನಮ್ಮ ಜಿಲ್ಲೆಯಲ್ಲೇ ಇದೆ. ಅದನ್ನು ಎಸ್ಟಿಮೇಟಿನಲ್ಲಿ ಸೇರಿಸು.

ನಕ್ಷೆಯನ್ನು ಪೂರ್ತಿ ಕೈಬಿಡು ಎನ್ನುತ್ತಿಲ್ಲ. ನೌಕರಿಗೆ ಹೊರಗೆ ಹೋಗುವವರಿಗೆ, ಬಾಡಿಗೆಯವರಿಗೆ, ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರಿಗೆ ಮಹಡಿ ಮನೆ ಆದೀತು. ಮಗ್ಗದವರಿಗೆ ನೆಲ ಕೊಡು. ಎರೆಮಣ್ಣಿದ್ದಲ್ಲಿ ಅದನ್ನು ತೆಗೆಸಿ ಗಟ್ಟಿ ಗರಸುಮಣ್ಣು ತುಂಬಿಸಿ ಬುನಾದಿ ಗಟ್ಟಿ ಮಾಡಿಸು. ಮುಂದೆ ಮಗ ಮೇಲೊಂದು ಕೋಣೆ ಏರಿಸಲು ಬರುವಂತೆ ಕಂಬ ಬಿಡಿಸು. ಎರಡು ಅಂತಸ್ತಿನ ಒತ್ತು ಮನೆಗಳಲ್ಲಿ ಎಷ್ಟು ಕುಟುಂಬ ಹಿಡಿಯುತ್ತವೆ ಎಂದು ಲೆಕ್ಕ ಹಾಕಿ, ನಿನ್ನ ನಾಲ್ಕು ಅಂತಸ್ತಿನ ಪಕ್ಕದಲ್ಲಿಟ್ಟು ನಿನ್ನ ಸರ್‌ಗೆ ತೋರಿಸು.

ದಸರಾ ರಜೆಗೆ ಬರುವಾಗ ಅಳತೆ ಟೇಪು ತಪ್ಪದೆ ತಾ. ಗುಳೇದಗುಡ್ಡಕ್ಕೆ ಹೋಗೋಣ. ಮಾವನ ಮಗ್ಗದ ಕುಣಿ ಎಷ್ಟು ಆಳ, ಹಾಸು ಎಷ್ಟು ಉದ್ದ ಚಾಚುತ್ತದೆ, ಅತ್ತಿ ಕಂಡಿಕೆ ಸುತ್ತಲು ಎಲ್ಲಿ ಕೂರುತ್ತಾಳೆ, ಬೆಳಕು ಯಾವ ಕಡೆಯಿಂದ ಬೀಳಬೇಕು ಎಲ್ಲ ಅಳೆದು ಬರೆದುಕೋ. ಅವರಿಗೆ ಫೋನು ಮಾಡಿ ಹೇಳಿದ್ದೇನೆ, ನೀನು ಬರುವ ತಾರೀಖು ತಿಳಿಸು.

ನಿನ್ನ
ಅವ್ವ