ಈ ವಾರದ ಬೇರು: ಸ್ಪೆಕೆರೆ

ಸದಸ್ಯರ ಗಮನಕ್ಕೆ: ಈ ವಾರ ಲ್ಯಾಟಿನ್‌ನ ‘ಸ್ಪೆಕೆರೆ’ ಧಾತುವನ್ನು ಹಿಡಿಯೋಣ. ಅರ್ಥ, ನೋಡುವುದು. ಇದರಿಂದ ಹುಟ್ಟಿದ ಇಂಗ್ಲಿಷ್ ಪದಗಳಲ್ಲಿ ಇನ್‌ಸ್ಪೆಕ್ಟರ್, ಸ್ಪೆಕ್ಟೇಟರ್ ಎಲ್ಲರಿಗೂ ಗೊತ್ತು. ನನಗೆ ಬಹಳ ಇಷ್ಟವಾದದ್ದು ರೆಸ್ಪೆಕ್ಟ್ ಮತ್ತು ಸಸ್ಪೆಕ್ಟ್ ಜೋಡಿ. ‘ರೆ’ ಎಂದರೆ ಹಿಂದಕ್ಕೆ. ಒಬ್ಬರನ್ನು ತಿರುಗಿ ನೋಡಬೇಕೆನಿಸಿದರೆ ಅದು ಗೌರವ. ‘ಸಬ್’ ಎಂದರೆ ಕೆಳಗಿನಿಂದ. ತಲೆ ತಗ್ಗಿಸಿಕೊಂಡೇ ಕಣ್ಣನ್ನಷ್ಟೇ ಮೇಲೆತ್ತಿ ನೋಡಿದರೆ ಅದು ಶಂಕೆ. ಎಷ್ಟು ಚೆಂದದ ಕಲ್ಪನೆ! ಮೇಲಿನಿಂದ ಕೆಳಕ್ಕೆ ನೋಡುವ ತಿರಸ್ಕಾರವೇ ಡಿಸ್ಪೈಸ್. ಸಂಸ್ಕೃತದ ‘ಪಶ್ಯತಿ’ಯೂ ಈ ಧಾತುವಿನ ದೂರದ ನೆಂಟ. ಆದರೆ ಸ್ಪೀಕ್ ಜರ್ಮ್ಯಾನಿಕ್ (ಇಂಗ್ಲಿಷ್, ಜರ್ಮನ್ ಸೇರಿದ ಭಾಷಾ ಗುಂಪು) ಮೂಲದ್ದು, ಅದನ್ನು ಇಲ್ಲಿ ಸೇರಿಸಬೇಡಿ. ಭಾನುವಾರದೊಳಗೆ ಪ್ರತಿಯೊಬ್ಬರೂ ಒಂದು ಹೊಸ ಪದವನ್ನು ಉಪಸರ್ಗದ ಅರ್ಥದೊಂದಿಗೆ ಕಳುಹಿಸಿ. ಬರೀ ಪಟ್ಟಿ ಬೇಡ.