ಸ್ಕ್ಯಾನ್ ಸಿಡಿ ತರುವವರಿಗೆ ಒಂದು ಮಾತು

ನಮಸ್ಕಾರ. ಊರಿಂದ ಮುಂಬೈ ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಬರುವವರಿಗೆ ಇದನ್ನು ಮುಟ್ಟಿಸಿ.

ಹೋದ ವಾರ ವಿಜಯಪುರದಿಂದ ಬಂದ ಕಾಕಾ ಒಬ್ಬರ ಪೆಟ್ ಸ್ಕ್ಯಾನ್ ಸಿಡಿ ರೊಟ್ಟಿ ಗಂಟಿನ ಕೆಳಗೆ ಸಿಕ್ಕಿ ಎರಡು ಹೋಳಾಗಿತ್ತು. ಪುಣ್ಯಕ್ಕೆ ಮಗಳು ಹೊರಡುವ ಮೊದಲೇ ಅದರ ಫೈಲುಗಳನ್ನು ಗೂಗಲ್ ಡ್ರೈವ್ ಎಂಬ ಕ್ಲೌಡ್‌ಗೆ ಹಾಕಿದ್ದಳು. ದಾದರ್‌ನಲ್ಲಿ ಹೊಸ ಸಿಡಿ ಮಾಡಿಸಿದೆವು. ಇಲ್ಲದಿದ್ದರೆ ಮತ್ತೆ ಸ್ಕ್ಯಾನ್, ಮತ್ತೆ ಸಾವಿರಾರು ರೂಪಾಯಿ.

ಹಾಗಾಗಿ ಸಿಡಿಯ ಇಡೀ ಫೋಲ್ಡರ್ ಡ್ರೈವ್‌ಗೆ ಏರಿಸಿ. ಫಿಲ್ಮನ್ನು ಬೆಳಕಿಗೆ ಹಿಡಿದು ಮೊಬೈಲಲ್ಲಿ ತೆಗೆದ ಫೋಟೊ ಸಾಲದು. ಸಿಡಿಯ ಡೈಕಾಮ್ ಫೈಲುಗಳಲ್ಲಿ (ಸ್ಕ್ಯಾನ್ ಚಿತ್ರಗಳನ್ನು ಉಳಿಸುವ ಬಗೆ) ನೂರಾರು ಪದರಗಳಿರುತ್ತವೆ. ಡಾಕ್ಟರು ಒಂದೊಂದೇ ಸರಿಸಿ ಗಡ್ಡೆ ಅಳೆಯುತ್ತಾರೆ. ಲಿಂಕ್ ಬೇಕಾದವರಿಗಷ್ಟೇ ಕೊಡಿ. ಗುಂಪಿನಲ್ಲಿ ಹಾಕಬೇಡಿ. ಬಯಾಪ್ಸಿ ಬ್ಲಾಕ್, ಸ್ಲೈಡ್ (ಪರೀಕ್ಷೆಗೆ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ, ಗಾಜಿನ ಮೇಲೆ ಇಟ್ಟದ್ದು) ಮಾತ್ರ ಕೈಯಲ್ಲೇ ತರಬೇಕು.

‘ಈ ಕ್ಲೌಡ್ ಅಂದ್ರ ಏನವ್ವಾ?’ ಅಂತ ಕಾಕಾ ಕೇಳಿದರು. ಎಲ್ಲೋ ದೂರದ ದೊಡ್ಡ ಕಂಪ್ಯೂಟರುಗಳಲ್ಲಿ ಬಾಡಿಗೆ ಜಾಗ, ಅಷ್ಟೇ. ಸಂಶೋಧಕರೂ ಅದನ್ನೇ ಬಳಸುತ್ತಾರೆ. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಎಂಬ ಕ್ಯಾನ್ಸರ್ ಜೀನ್ ಮಾಹಿತಿಯ ಸಂಗ್ರಹದಲ್ಲಿ 33 ಬಗೆಯ ಕ್ಯಾನ್ಸರಿನ ಸುಮಾರು 2.5 ಪೆಟಾಬೈಟ್ (25 ಲಕ್ಷ ಜಿಬಿ) ಮಾಹಿತಿ ಇದೆ. ಅಷ್ಟನ್ನೂ ಇಳಿಸಿಕೊಳ್ಳಲು ಯಾರಿಗಾಗುತ್ತೆ? ಮಾಹಿತಿ ಇರುವ ಕ್ಲೌಡ್‌ನಲ್ಲೇ ಲೆಕ್ಕ ಹಾಕುತ್ತಾರೆ.

ಏರಿಸಲು ಬಾರದವರು ಸಂಜೆ 7ರ ಮೇಲೆ ನನಗೆ ಫೋನ್ ಮಾಡಿ.