ಪಂಚಮಿ ಜೋಕಾಲಿಗೆ ಕೈಹಚ್ಚಿದವರಿಗೆ

ರೊಟ್ಟಿ ಹಬ್ಬದಿಂದ ಪಂಚಮಿ ತನಕ ಹಿತ್ತಲ ಬೇವಿನ ಮರದ ಜೋಕಾಲಿಗೆ ಪುರುಸೊತ್ತೇ ಇರಲಿಲ್ಲ. ಯಾರೂ ಬೀಳಲಿಲ್ಲ, ಹಗ್ಗ ಹರಿಯಲಿಲ್ಲ. ಅದಕ್ಕೆ ಕಾರಣರಾದವರಿಗೆ, ಅವರವರ ಕೆಲಸ ಹೇಳಿಯೇ ಶರಣು.

ಮೊದಲು ಬಡಿಗ ಕಾಕಾನಿಗೆ. ಕೆಳಗಿನ ಟೊಂಗೆ ನೋಡಲು ದಪ್ಪ. ಕೊಡಲಿಯ ಬೆನ್ನಿನಿಂದ ಬಡಿದರೆ ಟೊಳ್ಳು ಸದ್ದು, ಒಳಗೆಲ್ಲ ಗೆದ್ದಲು. 14 ಅಡಿ ಎತ್ತರದ, 8 ಇಂಚು ದಪ್ಪದ ಹಸಿ ಟೊಂಗೆ ಆರಿಸಿದ್ದು ಅವರೇ. ಒಳಗಿನ ಹಗ್ಗ ಬೊಡ್ಡೆಯಿಂದ 4 ಅಡಿ ದೂರ: ಇನ್ನೂ ಹತ್ತಿರವಾದರೆ ಜೋಕಾಲಿ ತಿರುಚಿದಾಗ ಮೊಣಕಾಲು ಬೊಡ್ಡೆಗೆ ಬಡಿಯುತ್ತದೆ, ದೂರ ಹೋದಷ್ಟೂ ಟೊಂಗೆ ಬಾಗುತ್ತದೆ.

ಹಗ್ಗ ಹೊಸೆದುಕೊಟ್ಟ ಮಾವನ ಋಣ ಇನ್ನೂ ದೊಡ್ಡದು. ಒಂದು ಇಂಚು ದಪ್ಪದ ಪುಂಡಿ ನಾರಿನ ಹಗ್ಗ, 25 ಅಡಿಯ ಎರಡು ತುಂಡು. ಅಂಗಡಿಯ ನೈಲಾನ್ ಹಗ್ಗ ಅಗ್ಗ, ಆದರೆ ಅಂಗೈ ಕೊಯ್ಯುತ್ತದೆ, ಗಂಟು ಜಾರುತ್ತದೆ. ಪುಂಡಿಗೂ ಒಂದು ಕೆಟ್ಟ ಚಾಳಿ ಇದೆ. ಶ್ರಾವಣದ ಜಿಟಿಜಿಟಿಯಲ್ಲಿ ನೆನೆದರೆ ಗಿಡ್ಡವಾಗುತ್ತದೆ, ಬಿಸಿಲಿಗೆ ಒಣಗಿದಾಗ ಗಂಟು ಸಡಿಲ ಬಿಡುತ್ತದೆ. ಒಂದು ಬದಿ ಹೆಚ್ಚು ನೆನೆದರೆ ಮಣೆ ವಾಲಿತು ಅಂತಲೇ. ದಿನಾ ಬೆಳಿಗ್ಗೆ ಏಣಿ ಹತ್ತಿ ಗಂಟು ನೋಡಿದ ತಮ್ಮಂದಿರಿಗೆ ಅದಕ್ಕೇ ಎರಡು ಉಂಡಿ ಹೆಚ್ಚು ಸಲ್ಲಬೇಕು.

ಟೊಂಗೆಗೆ ನಾಲ್ಕು ಮಡಿಕೆ ಗೋಣಿತಾಟು ಸುತ್ತಿ, ಅದರ ಮೇಲೆ ಹಗ್ಗವನ್ನು ಬಿಗಿಯಾಗಿ ಮೂರು ಸುತ್ತು ಹಾಕಿ ಗಂಟಿಕ್ಕಿದ್ದು. ಸಡಿಲ ಕುಣಿಕೆ ಹಾಕಿದರೆ ಪ್ರತಿ ಜೀಕಿಗೂ ಹಗ್ಗ ತೊಗಟೆಗೆ ಉಜ್ಜುತ್ತದೆ. ಹರಿಯುವುದು ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ.

ಮಣೆ 2 ಅಡಿ ಉದ್ದ, 10 ಇಂಚು ಅಗಲ, ಒಂದೂವರೆ ಇಂಚು ದಪ್ಪ. ನಾಲ್ಕು ಮೂಲೆಗೂ ತೂತು, ಅಂಚಿನಿಂದ 2 ಇಂಚು ಒಳಗೆ. ಅಂಚಿಗೇ ಕೊರೆದರೆ ಮಣೆ ಸೀಳುತ್ತದೆ. ಹಗ್ಗ ಮುಂದಿನ ತೂತಿನಲ್ಲಿ ಇಳಿದು, ಮಣೆಯಡಿ ಹಾದು, ಹಿಂದಿನದರಲ್ಲಿ ಮೇಲೆ ಬಂದರೆ ನಿಂತು ಜೀಕಿದರೂ ಮಣೆ ಮಗುಚದು.

ತೂಕದ ಲೆಕ್ಕ ಹಾಕಿಕೊಟ್ಟ ಮೇಷ್ಟ್ರಿಗೆ ನಮಸ್ಕಾರ. 60 ಡಿಗ್ರಿ ತನಕ ಜೀಕಿದರೆ ಕೆಳಗೆ ಬರುವಾಗ ಹಗ್ಗಕ್ಕೆ ಬೀಳುವ ಭಾರ ಎರಡು ಪಟ್ಟು. ಜೋಡಿ ಜೀಕುವ ಇಬ್ಬರದು 120 ಕೆಜಿ ಎಂದರೆ 240. ಹಾಗಾಗಿ 50 ಕೆಜಿಯ ಐದು ಸಿಮೆಂಟ್ ಚೀಲ ಇಡೀ ರಾತ್ರಿ ತೂಗಾಡಿದವು. ಬೆಳಗಾಗುವಷ್ಟರಲ್ಲಿ ಹಗ್ಗ ನಾಲ್ಕು ಇಂಚು ಹಿಗ್ಗಿತ್ತು. ಬಿಚ್ಚಿ ಮತ್ತೆ ಕಟ್ಟಿದ ಮೇಲೇ ಹೆಣ್ಣುಮಕ್ಕಳ ಪಾಳಿ.

ಎದುರು ಮನೆ ವೈನಿಯ ಶೇಂಗಾ ಉಂಡಿಗೆ ಬೇರೆ ಮಾತು ಬೇಡ. ಬೆಲ್ಲದ ಪಾಕ ನೀರಿಗೆ ಬಿಟ್ಟಾಗ ಬೆರಳಲ್ಲಿ ಮೆತ್ತಗೆ ಉಂಡೆಯಾದ ಕೂಡಲೇ ಇಳಿಸಿದ್ದರು. ಟಣ್ ಎನ್ನುವ ತನಕ ಕಾಯಿಸಿದರೆ ಅದು ಉಂಡಿಯಲ್ಲ, ಗುಂಡು.

ಹಬ್ಬ ಮುಗಿದ ಮರುದಿನವೇ ಹಗ್ಗ ಬಿಚ್ಚಿದ್ದಾಗಿದೆ. ವರ್ಷವಿಡೀ ಬಿಗಿದಿಟ್ಟರೆ ತೊಗಟೆ ಕತ್ತರಿಸಿ ಟೊಂಗೆಯೇ ಒಣಗುತ್ತದೆ. ಹಗ್ಗ ಅಟ್ಟದ ಗಳಕ್ಕೆ ನೇತಾಡುತ್ತಿದೆ, ಮುಂದಿನ ಓಣಿಯವರು ಕೇಳಿದರೆ ಕೊಡಬಹುದು. ಕಾಕಾ, ನಿಮ್ಮ ಬೈರಿಗೆ ಕಟ್ಟೆಯ ಮೇಲೇ ಉಳಿದಿದೆ.